ಕಾವುಪೆಟ್ಟಿಗೆಯ ಮಗ್ಗುಲಲ್ಲೊಂದು ಬ್ಯಾಟರಿ

ಕಳೆದ ವಾರ ಪುಣೆಯ ಲಕ್ಷ್ಮಿ ರಸ್ತೆಯ ಒಂದು ಗಲ್ಲಿಯಲ್ಲಿ ಮೊಬೈಲ್ ರಿಪೇರಿಯವನು ನನ್ನ ಫೋನು ಬಿಚ್ಚಿದ. ಅದರ ಬ್ಯಾಟರಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಮೂಗಿನ ಹತ್ತಿರ ಹಿಡಿದು, "ಸಹಾ ಮಹಿನೇ, ಕಾಕಾ. ಫಾರ್ ತರ್ ಸಾತ್" ಎಂದು ತೀರ್ಪು ಕೊಟ್ಟ. ಆರು ತಿಂಗಳು, ಬಹಳವೆಂದರೆ ಏಳು. ಯಾವ ಉಪಕರಣವಿಲ್ಲ, ಯಾವ ಲೆಕ್ಕವಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಇದೇ ಪ್ರಶ್ನೆಗೆ ಉತ್ತರ ಕೊಡಲು ನನಗೆ ಕಂಪನಿಯೊಂದು ಸಂಬಳ, ಕುರ್ಚಿ ಮತ್ತು ಸಹಾಯಕ್ಕೆ ಒಂದು ಕಂಪ್ಯೂಟರು ಕೊಟ್ಟಿತ್ತು. ಆದರೂ ಇಷ್ಟು ನಿಶ್ಚಿಂತೆಯಿಂದ ನಾನು ಎಂದೂ ಮಾತಾಡಿದವನಲ್ಲ.

ಆ ಅಂಗಡಿಯಲ್ಲಿ ಉಬ್ಬಿದ ಬ್ಯಾಟರಿಗಳ ಸಿಹಿ ವಾಸನೆ ಇತ್ತು. ಮಾಗಿ ಕಪ್ಪಾದ ಬಾಳೆಹಣ್ಣಿಗೆ ಯಾರೋ ಉಗುರುಬಣ್ಣ ಬಳಿದರೆ ಹೇಗಿರುತ್ತದೋ ಹಾಗೆ. ಒಮ್ಮೆ ಮೂಗಿಗೆ ಹತ್ತಿದ ಮೇಲೆ ಅದು ಮರೆಯುವಂಥದ್ದಲ್ಲ. ಫೋನು ಜೇಬಿಗಿಟ್ಟುಕೊಂಡು ಹೊರಗೆ ಬಂದೆ, ಆದರೆ ಬಂದು ನಿಂತದ್ದು ಊರಾಚೆ ಭೋಸರಿಯ ತಗಡಿನ ಶೆಡ್ಡಿನಲ್ಲಿ, ಕೆಲವು ವರ್ಷಗಳ ಹಿಂದಿನ ಮಳೆಗಾಲದಲ್ಲಿ.

ನಾನು ಮೂಲತಃ ಸೀಸದ ಬ್ಯಾಟರಿಯವನು. ಬಾಗಲಕೋಟೆಯಿಂದ ಪುಣೆಗೆ ಬಂದು, ಟ್ರಕ್ಕು ಬಸ್ಸುಗಳ ಬ್ಯಾಟರಿ ಮಾಡುವ ಕಾರ್ಖಾನೆಯಲ್ಲಿ ತಲೆ ಬೆಳ್ಳಗಾಗುವ ತನಕ ಕೆಲಸ ಮಾಡಿದೆ. ಆ ಬ್ಯಾಟರಿಗಳಿಗೆ ಬಾಯಿ ಇತ್ತು. ಮುಚ್ಚಳ ತಿರುವಿ ಒಳಗೆ ಇಣುಕಬಹುದಿತ್ತು, ನೀರು ಕುಡಿಸಬಹುದಿತ್ತು, ಆಮ್ಲ ಅಳೆದು ಯೋಗಕ್ಷೇಮ ವಿಚಾರಿಸಬಹುದಿತ್ತು. ನಿವೃತ್ತನಾಗಿ ಮನೆಯಲ್ಲಿ ಹೆಂಡತಿಯ ಅಡಿಗೆಗೆ ಸಲಹೆ ಕೊಡಲು ಆರಂಭಿಸಿದಾಗ ಅವಳೇ ಮುಂದಾಗಿ ನನ್ನನ್ನು ಭೋಸರಿಯ ಒಂದು ಸಣ್ಣ ಕಂಪನಿಗೆ ಅಟ್ಟಿದಳು. ಅಲ್ಲಿ ಎಲ್ಲವೂ ಲಿಥಿಯಂ. ಲಿಥಿಯಂ ಬ್ಯಾಟರಿಗೆ ಬಾಯಿಲ್ಲ. ಸೀಲು ಹೊಡೆದ ಡಬ್ಬಿ, ಎರಡು ವೈರು, ಮತ್ತು ಮಹಾಮೌನ.

ಕೆಲಸ ಇಷ್ಟೇ. ಎಲೆಕ್ಟ್ರಿಕ್ ಸ್ಕೂಟರುಗಳಿಂದ ಕಳಚಿದ ಹಳೆಯ ಬ್ಯಾಟರಿಗಳು ನಮ್ಮಲ್ಲಿಗೆ ಬರುತ್ತಿದ್ದವು. ಸ್ಕೂಟರನ್ನು ಎಳೆಯುವಷ್ಟು ಕಸುವು ಅವುಗಳಲ್ಲಿ ಉಳಿದಿಲ್ಲ, ಆದರೆ ಒಂದು ಮನೆಯ ದೀಪ, ಫ್ಯಾನು ನಡೆಸಲು ಧಾರಾಳ. ಪ್ರತಿಯೊಂದನ್ನೂ ಪರೀಕ್ಷಿಸಿ, ಇನ್ನೆಷ್ಟು ಕಾಲ ಬಾಳುತ್ತದೆ ಎಂದು ಹೇಳಬೇಕು. ಇದಕ್ಕೆ ‘ಉಳಿದ ಉಪಯುಕ್ತ ಆಯುಷ್ಯ ಅಂದಾಜು ವಿಭಾಗ’ ಎಂಬ ಗಂಭೀರವಾದ ಹೆಸರಿತ್ತು. ಶೆಡ್ಡಿನ ಉಳಿದವರು ಅದನ್ನು ‘ಯಮಾಚಂ ಆಫೀಸ್’, ಯಮನ ಆಫೀಸು, ಎನ್ನುತ್ತಿದ್ದರು. ವಿಭಾಗದ ಮುಖ್ಯಸ್ಥ ನಾನು. ಸಿಬ್ಬಂದಿ ಮೇಘನಾ. ಮೈಸೂರಿನ ಹುಡುಗಿ, ಲೆಕ್ಕದಲ್ಲಿ ಬಲು ಚುರುಕು, ಮಾತಿನಲ್ಲಿ ಅರ್ಧ ಇಂಗ್ಲಿಷು. ಅವಳು ಬರೆದ ಪ್ರೋಗ್ರಾಮು ಬ್ಯಾಟರಿ ಎಷ್ಟು ಬಿಸಿಯಾಗುತ್ತದೆ, ಭಾರ ಹಾಕಿದಾಗ ಅದರ ವೋಲ್ಟೇಜು ಎಷ್ಟು ಕುಸಿಯುತ್ತದೆ ಎಂಬುದನ್ನೆಲ್ಲ ನೋಡಿ ಆಯುಷ್ಯ ಹೇಳುತ್ತಿತ್ತು.

ಈ ವಿದ್ಯೆಯಲ್ಲಿ ಒಂದು ಮೂಲಭೂತ ಅಡಚಣೆಯಿದೆ. ಬ್ಯಾಟರಿ ಎಷ್ಟು ಕಾಲ ಬಾಳುತ್ತದೆಂದು ಖಚಿತವಾಗಿ ತಿಳಿಯಬೇಕಾದರೆ ಅದು ಸಾಯುವ ತನಕ ಬಳಸಬೇಕು, ಆಗ ತಿಳಿದದ್ದರಿಂದ ಆ ಬ್ಯಾಟರಿಗೆ ಪ್ರಯೋಜನವಿಲ್ಲ. ಆದ್ದರಿಂದ ನಾವು ನಾಲ್ಕಾರು ಬ್ಯಾಟರಿಗಳನ್ನು ವಿಧಿವತ್ತಾಗಿ ದುಡಿಸಿ ಸಾಯಿಸುತ್ತಿದ್ದೆವು. ಅವುಗಳ ಆತ್ಮಕ್ಕೆ ಶಾಂತಿ ಕೋರಿ, ಉಳಿದವುಗಳ ಬಗ್ಗೆ ಊಹೆ ಮಾಡುತ್ತಿದ್ದೆವು. ಊಹೆಯನ್ನು ಎಂದೂ ಒಂದೇ ಅಂಕಿಯಲ್ಲಿ ಹೇಳುತ್ತಿರಲಿಲ್ಲ. ಇಷ್ಟರಿಂದ ಇಷ್ಟು ತಿಂಗಳು, ಅದೂ ‘ಬಹುಶಃ’ ಎಂಬ ಬೇಲಿಯೊಳಗೆ.

"ಮದುವಿ ಮಾತುಕತ್ಯಾಗ ವರನ ವಯಸ್ಸು ಹೇಳಿದಂಗ ಹೇಳ್ತೀರಲ್ರಿ ಸಾಹೇಬ್ರ," ಎನ್ನುತ್ತಿದ್ದವನು ಮಲ್ಲಪ್ಪ. ಹಳೆಯ ಬ್ಯಾಟರಿಗಳನ್ನು ಟೆಂಪೋದಲ್ಲಿ ಹೊತ್ತು ತರುತ್ತಿದ್ದ ಡ್ರೈವರು. ಅಥಣಿ ಕಡೆಯವನು. ಅವನ ಹೆಂಡತಿ ಗಂಗವ್ವ ಪುಣೆಯ ದಕ್ಷಿಣಕ್ಕೆ, ಭೋರ್ ಪಟ್ಟಣದ ಮೇಲಿನ ಗುಡ್ಡದ ಒಂದು ಹಳ್ಳಿಯಲ್ಲಿ, ಅಲ್ಲಿ ಅವರಿಗೊಂದು ತುಂಡು ಜಮೀನು. ಮಲ್ಲಪ್ಪ ವಾರಕ್ಕೊಮ್ಮೆ ಹೋಗಿಬರುವ ಗಂಡ.

ಗಂಗವ್ವ ಊರಲ್ಲಿ ಒಂದು ಕಾವುಪೆಟ್ಟಿಗೆ ಇಟ್ಟಿದ್ದಳು. ಮೊಟ್ಟೆಗಳನ್ನು ಸಾಲಾಗಿ ಜೋಡಿಸಿ, ಕರೆಂಟಿನ ಬಿಸಿ ಕೊಟ್ಟು, ಮೂರು ವಾರಕ್ಕೆ ಮರಿ ಮಾಡುವ ಪೆಟ್ಟಿಗೆ. ಊರಿನ ಹೆಂಗಸರು ತಮ್ಮ ಜವಾರಿ ಕೋಳಿಗಳ ಮೊಟ್ಟೆ ತಂದು ಕೊಡುತ್ತಿದ್ದರು. ಯಾರದು ಯಾವುದೆಂದು ತಿಳಿಯಲು ಒಬ್ಬಳದಕ್ಕೆ ಇದ್ದಿಲಿನ ಚುಕ್ಕಿ, ಇನ್ನೊಬ್ಬಳದಕ್ಕೆ ಗೆರೆ. ಬೇಸಿಗೆಯಲ್ಲಿ ಹಾಕಿದ ಮೊದಲ ಮೊಟ್ಟೆಗಳು ಹಾಳಾದವು. ಕರೆಂಟು ಹೋಗಿ, ಪೆಟ್ಟಿಗೆ ತಣ್ಣಗಾಗಿ, ಒಳಗಿನ ಮರಿಗಳು ಒಳಗೇ ಉಳಿದವು.

"ಇನ್ನೊಮ್ಮೆ ಹಂಗಾತಂದ್ರ ಒಂದ ತತ್ತೀನೂ ಯಾರೂ ಕೊಡಂಗಿಲ್ಲರಿ," ಎಂದ ಮಲ್ಲಪ್ಪ. "ತಾನಾಬಾಯಿ ಅಂತ ಒಬ್ಬಾಕಿ ಮುದುಕಿ ಅದಾಳ. ಆಕಿ ಹೂಂ ಅಂದ್ರ ಊರು ಹೂಂ ಅಂತದ, ಊಹೂಂ ಅಂದ್ರ ಮುಗೀತು. ನಮ್ಮಾಕಿ ಅವರ ಮುಂದ ಮಾರಿ ಎತ್ತಿ ತಿರುಗ್ಯಾಡೂದಾದ್ರೂ ಹೆಂಗ? ಕರೆಂಟ್ ಹೋದಾಗ ಪೆಟಗಿ ನಡಸಾಕ ಒಂದು ಹಳೇ ಬ್ಯಾಟ್ರಿ ಕೊಡ್ರಿ."

ಮಾಲೀಕರು ಒಪ್ಪಿದರು. ಮೇಘನಾ ನಮ್ಮ ದಾಸ್ತಾನಿನಲ್ಲೇ ಲಕ್ಷಣವಾದದ್ದನ್ನು ಆರಿಸಿದಳು. ಪ್ರೋಗ್ರಾಮು ಅದಕ್ಕೆ ಎರಡು ಮಳೆಗಾಲ ಧಾರಾಳವಾಗಿ ಬರೆಯಿತು. ಒಮ್ಮೆ ತುಂಬಿಸಿದರೆ ಎರಡು ದಿನ ಪೆಟ್ಟಿಗೆ ನಡೆಸುತ್ತದೆ ಎಂದೂ ಹೇಳಿತು. ಬ್ಯಾಟರಿಯೊಳಗೆ ಒಂದು ಸಿಮ್ ಕಾರ್ಡು ಇತ್ತು, ಸಿಗ್ನಲ್ ಸಿಕ್ಕಾಗಲೆಲ್ಲ ಅದು ತನ್ನ ಸಮಾಚಾರವನ್ನು ಭೋಸರಿಗೆ ತಿಳಿಸುತ್ತಿತ್ತು. ಮಳೆ ಹಿಡಿದ ಮೇಲೆ ಗಂಗವ್ವ ಎರಡನೇ ಸಲ ಮೊಟ್ಟೆ ಇಟ್ಟಳು. ಎಲ್ಲರಿಗಿಂತ ಕೊನೆಗೆ, ಬೈಯುತ್ತಲೇ, ತಾನಾಬಾಯಿಯೂ ಕೊಟ್ಟಳಂತೆ.

ಅದಾಗಿ ವಾರ ಕಳೆದಿರಬೇಕು. ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುತ್ತಿತ್ತು, ಕೂಗಿ ಮಾತಾಡಬೇಕಿತ್ತು.

"ಸರ್, ಗಂಗವ್ವ ಅವರ ಪ್ಯಾಕ್ ದಿನಾ ನಲವತ್ತು ಡಿಗ್ರಿ ಹತ್ರ ತೋರಿಸ್ತಿದೆ!" ಎಂದಳು ಮೇಘನಾ.

"ಭೋರಿನ ಗುಡ್ಡದಾಗ? ಆಷಾಢದಾಗ?" ನಾನು ಕನ್ನಡಕ ತೆಗೆದೆ. ಮುಖ್ಯವಾದದ್ದನ್ನು ಹೇಳುವಾಗ ಕನ್ನಡಕ ತೆಗೆಯುವುದು ನನ್ನ ಪದ್ಧತಿ. "ಅಲ್ಲಿ ಮಂದಿ ಸ್ವೆಟರ್ ಮ್ಯಾಲ ಗೋಣಿಚೀಲ ಹೊಚ್ಕೊಂಡು ಅಡ್ಡಾಡ್ತಾರವ್ವಾ. ಸೆನ್ಸರ್ ಕೆಟ್ಟದ."

"ನಂಗೂ ಹಾಗೇ ಅನ್ಸ್ತು. ಆಕ್ಚುವಲಿ ಪ್ರೋಗ್ರಾಮೇ ರಿಜೆಕ್ಟ್ ಮಾಡ್ಬಿಟ್ಟಿದೆ. ಸೀಸನ್‌ಗೆ ಮ್ಯಾಚ್ ಆಗ್ತಿಲ್ಲ ಅಂತ."

ಅಂಥ ನಿಯಮವೊಂದನ್ನು ನಾವಿಬ್ಬರೇ ಕೂತು ಅದಕ್ಕೆ ಕಲಿಸಿದ್ದೆವು. ಋತುಮಾನಕ್ಕೆ ಹೊಂದದ ಉಷ್ಣತೆಯನ್ನು ನಂಬಬೇಡ, ಅದರ ಬದಲಿಗೆ ಆ ಊರಿನ ಆ ತಿಂಗಳ ಸಾಮಾನ್ಯ ಉಷ್ಣತೆಯನ್ನು ಹಿಡಿ ಎಂದು. ಹೀಗಾಗಿ ಬ್ಯಾಟರಿ ದಿನವೂ ಒಂದು ಸಂಗತಿ ಹೇಳುತ್ತಿತ್ತು, ಪ್ರೋಗ್ರಾಮು ಅದನ್ನು ಸವಿನಯವಾಗಿ ತಿದ್ದುತ್ತಿತ್ತು, ಮತ್ತು ನಾವು ತಿದ್ದಿದ ಪ್ರತಿಯನ್ನು ಓದಿ ಚಹಾ ಕುಡಿಯುತ್ತಿದ್ದೆವು. ಆಯುಷ್ಯ ಎರಡು ಮಳೆಗಾಲಕ್ಕಿಂತ ಒಂದು ದಿನವೂ ಕೆಳಗಿಳಿಯಲಿಲ್ಲ.

ಆಮೇಲೊಂದು ಬೆಳಿಗ್ಗೆ ಮಲ್ಲಪ್ಪ ಟೆಂಪೋ ಹಿಂದಕ್ಕೆ ಹಾಕಿ, ಕೆಳಗಿಳಿದು, ಎಲೆಯಡಿಕೆ ಹಾಕಿಕೊಳ್ಳುತ್ತ ನಮ್ಮ ಮೇಜಿನ ಹತ್ತಿರ ಬಂದ.

"ನಿನ್ನೆ ಸಂಜೀಲಿಂದ ಊರಾಗ ಕರೆಂಟ್ ಇಲ್ಲರಿ ಸಾಹೇಬ್ರ. ತಂತಿ ಮ್ಯಾಲ ಮರ ಬಿದ್ದದ. ನಾಳಿಗೆ ಮರಿ ಹೊರಗ ಬರೂ ದಿನ. ಆದ್ರೂ ಏನ್ ಕಾಳಜಿ ಇಲ್ಲರಿ, ನಿಮ್ಮ ಬ್ಯಾಟ್ರಿ ಆರಾಮ ಅದ."

"ನೋಡ್ದ್ರಾ ಸರ್!" ಎಂದಳು ಮೇಘನಾ, ಹೆಮ್ಮೆಯಿಂದ.

"ಭಾಳ ಚಲೋ ನೋಡ್ಕೊಂಡಾಳ್ರಿ ನಮ್ಮಾಕಿ. ಮರಿ ಪೆಟಗಿ ಮಗ್ಗಲಾಗ ಇಟ್ಟು, ಕಂಬಳಿ ಹೊಚ್ಚಿ ಮಲಗಿಸ್ಯಾಳ."

ಮೇಘನಾ ನನ್ನ ಮುಖ ನೋಡಿದಳು. ನಾನು ಕನ್ನಡಕ ತೆಗೆಯಲಿಲ್ಲ.

"ಏನು ಹೊಚ್ಯಾಳ?"

"ಕಂಬಳಿರಿ. ದಪ್ಪಂದು."

ಲಿಥಿಯಂ ಬ್ಯಾಟರಿಗೆ ದುಡಿಮೆಗಿಂತ ಕೆಟ್ಟದ್ದು ಒಂದಿದೆ. ಹೊಟ್ಟೆ ತುಂಬ ಚಾರ್ಜು ತುಂಬಿಕೊಂಡು ಬೆಚ್ಚಗೆ ಸುಮ್ಮನೆ ಕೂಡುವುದು. ಕೆಲಸ ಮಾಡಿದ್ದರೆ ಇಷ್ಟು ಸವೆಯುತ್ತಿರಲಿಲ್ಲ. ಅದು ಕೋಳಿಮೊಟ್ಟೆಗೆ ಹೇಳಿ ಮಾಡಿಸಿದ ಬಿಸಿಯಲ್ಲಿ, ಕಂಬಳಿಯೊಳಗೆ, ಮೂರು ವಾರದಿಂದ ಸುಖವಾಗಿ ಬೇಯುತ್ತಿತ್ತು.

ಹತ್ತು ನಿಮಿಷದಲ್ಲಿ ಮೂವರೂ ಟೆಂಪೋದಲ್ಲಿದ್ದೆವು. ಬೇರೊಂದು ಬ್ಯಾಟರಿ ಒಯ್ಯೋಣವೆಂದರೆ, ಪರೀಕ್ಷೆ ಮುಗಿದವು ಹಿಂದಿನ ವಾರವೇ ಗಿರಾಕಿಗಳಿಗೆ ಹೋಗಿದ್ದವು. ಉಳಿದವು ಇನ್ನೂ ತೀರ್ಪಿಗೆ ಕಾಯುತ್ತಿದ್ದವು. ಅಂಥದ್ದನ್ನು ಜೀವವಿರುವ ಮೊಟ್ಟೆಗಳ ಕೋಣೆಗೆ ಒಯ್ಯುವ ಧೈರ್ಯ ಯಮನ ಆಫೀಸಿಗೂ ಇರಲಿಲ್ಲ. ಭೋರ್ ದಾಟಿ ಗುಡ್ಡ ಹತ್ತುವಾಗ ಮಂಜು ಮುಸುಕಿ, ಮುಂದಿನ ಎತ್ತಿನ ಗಾಡಿಯ ಬಾಲವೂ ಕಾಣಿಸುತ್ತಿರಲಿಲ್ಲ. ಮೇಘನಾ ನಡುಗುತ್ತ ಕೂತಿದ್ದಳು.

"ಸರ್, ಇದನ್ನ ಮಾಡೆಲ್‌ಗೆ ಹೇಗೆ ಹಾಕೋದು?"

"ಯಾವುದನ್ನ?"

"ಕಂಬಳಿನ."

ಗಂಗವ್ವ ಬಾಗಿಲಲ್ಲೇ ನಿಂತಿದ್ದಳು. ಸಣ್ಣ ಆಳು, ದೊಡ್ಡ ಕುಂಕುಮ. "ಬರ್ರಿ ಬರ್ರಿ, ಎಷ್ಟು ತೊಯ್ಸಿಕೊಂಡೀರಿ! ಮೊದಲ ಚಾ ಕುಡೀರಿ." ಒಳಗೆ ಅರ್ಧ ಕಪಾಟಿನಷ್ಟು ಎತ್ತರದ ಕಾವುಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಅದರ ಪಕ್ಕದಲ್ಲಿ, ಮಣೆಯ ಮೇಲೆ, ಕರಿ ಕಂಬಳಿ ಹೊದ್ದು, ಹಣೆಯ ಜಾಗದಲ್ಲಿ ಕುಂಕುಮ ಹಚ್ಚಿಸಿಕೊಂಡು ನಮ್ಮ ಬ್ಯಾಟರಿ ವಿರಾಜಮಾನವಾಗಿತ್ತು. ನನ್ನ ವೃತ್ತಿಜೀವನದಲ್ಲಿ ಯಾವ ಬ್ಯಾಟರಿಗೂ ಇಷ್ಟು ಮರ್ಯಾದೆ ಸಿಕ್ಕದ್ದನ್ನು ನಾನು ಕಂಡಿಲ್ಲ.

"ಥಂಡಿ ಹತ್ತಬಾರದಂತ ಹೊಚ್ಚೇನ್ರಿ," ಎಂದಳು. "ತುಂಬಿಸೇ ಇಟ್ಟಿದ್ದೆ. ನಿನ್ನೀತನಾ ಒಂದ ಹನಿ ಖರ್ಚು ಮಾಡಿಲ್ಲ. ನಡುವ ಕರೆಂಟ್ ಹೋದಾಗೆಲ್ಲ ಪೆಟಗೀನ ಅಪ್ಪಿ ಹಿಡಕೊಂಡು ಕುಂತು ಹೊತ್ತು ಕಳದೇನಿ, ಇದನ್ನ ಮುಟ್ಟಿಲ್ಲ. ಅಡಚಣಿ ಬಿದ್ದಾಗ ಇರಲಿ ಅಂತ."

ಮೇಘನಾ ಬಾಯಿ ತೆರೆದಳು. ಏನೋ ಹೇಳಲು ಹೊರಟು, ಬೇರೆಯದನ್ನೇ ಹೇಳಿದಳು. "ತುಂಬಾ ಚೆನ್ನಾಗಿ ನೋಡ್ಕೊಂಡಿದ್ದೀರ ಅಕ್ಕಾ."

ಕಂಬಳಿ ತೆಗೆದು, ಬ್ಯಾಟರಿಯನ್ನು ತಣ್ಣನೆಯ ಪಡಸಾಲೆಗೆ ಸರಿಸಿ, ಉದ್ದ ವೈರು ಎಳೆದೆವು. ಅದು ಉಬ್ಬಿರಲಿಲ್ಲ, ವಾಸನೆಯೂ ಇರಲಿಲ್ಲ. ಅಷ್ಟು ಪುಣ್ಯ. ಮುಖದ ಮೇಲಿನ ಮೀಟರು ಇನ್ನೂ ಅರ್ಧ ಇದೆ ಎಂದು ತೋರಿಸುತ್ತಿತ್ತು. ಆದರೆ ಪೆಟ್ಟಿಗೆಯ ಹೀಟರು ಹತ್ತಿದಾಗೊಮ್ಮೆ ವೋಲ್ಟೇಜು ಮುಗ್ಗರಿಸಿ ಬೀಳುತ್ತಿತ್ತು, ಆರಿದಾಗ ಏದುಸಿರು ಬಿಡುತ್ತ ಮೇಲೇಳುತ್ತಿತ್ತು. ಮೇಘನಾ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಈ ಸಲ ತಿದ್ದದ ಉಷ್ಣತೆಯನ್ನೇ ಹಾಕಿ ಲೆಕ್ಕ ಮಾಡಿದಳು. ಪರದೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದಳು. ಎರಡು ಮಳೆಗಾಲ ಹೋಗಿ, ಒಂದು ರಾತ್ರಿಯೂ ಅನುಮಾನ ಎನ್ನುವಲ್ಲಿಗೆ ಬಂದಿತ್ತು. ಕರೆಂಟು ಬರುವುದು ನಾಳೆ ಸಂಜೆ ಎಂದು ಲೈನ್‌ಮನ್ ಹೇಳಿದ್ದ.

ಗಂಗವ್ವ ಚಹಾದ ಕಪ್ಪು ಹಿಡಿದುಕೊಂಡೇ ನಿಂತಿದ್ದಳು. "ಅಂದ್ರ ನಾನ ಕೆಡಿಸಿದೆನೇನ್ರಿ ಅದನ್ನ?"

"ಇಲ್ಲ ತಂಗಿ. ಅದು ದಿನಾ ನಮಗ ಶಕಿ ಆಗ್ಲಿಕತ್ತದ ಅಂತ ಹೇಳ್ತಿತ್ತು. ನಾವ ಅದಕ್ಕ ಹುಚ್ಚು ಹಿಡದದ ಅಂದ್ವಿ."

ಅವಳಿಗೆ ನಗು ಬರಲಿಲ್ಲ. ಕಪ್ಪು ಕೆಳಗಿಟ್ಟಳು. "ಅದಿರಲಿ. ಖರೇ ಹೇಳ್ರಿ ಸಾಹೇಬ್ರ. ಮರಿ ಹೊರಗ ಬರೂತನಾ ನಡೀತದೋ, ಇಲ್ಲೋ?"

ಇಂಥ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿತ್ತು. ಇಷ್ಟರಿಂದ ಇಷ್ಟು ತಾಸು, ಹೊರಗಿನ ಹವಾಮಾನವನ್ನು ಅವಲಂಬಿಸಿ, ಬಹುಶಃ. ಅದು ಸುಳ್ಳೂ ಅಲ್ಲ. ಅಂಥ ಉತ್ತರ ಕೊಟ್ಟರೆ ಅವಳು ಒಳ್ಳೆಯ ತುದಿಯನ್ನು ಹಿಡಿದುಕೊಂಡು ಕೂಡುತ್ತಾಳೆ, ಯಾರಾದರೂ ಅದನ್ನೇ ಮಾಡುತ್ತಾರೆ. ಮಲ್ಲಪ್ಪ ನೆಲ ನೋಡುತ್ತಿದ್ದ.

"ಇಲ್ಲ," ಎಂದೆ.

ಮೇಘನಾ ತಿರುಗಿ ನೋಡಿದಳು. ನನ್ನ ಬಾಯಿಂದ ಬೇಲಿಯಿಲ್ಲದ ಮಾತು ಬಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು. ನಾನು ಕೇಳಿದ್ದೂ ಅದೇ ಮೊದಲು.

ಗಂಗವ್ವ ಸ್ವಲ್ಪ ಹೊತ್ತು ಪೆಟ್ಟಿಗೆಯ ಗಾಜಿನೊಳಗೆ ನೋಡಿದಳು. ಸೆರಗು ತಲೆಗೆ ಹೊದ್ದು, ಮಳೆಯಲ್ಲೇ ಹೊರಟಳು. ಮನೆ ಮನೆಗೆ ಹೋಗಿ, ಬ್ಯಾಟರಿ ಕೈಕೊಡುತ್ತದೆ, ನಿಮ್ಮ ನಿಮ್ಮ ಮೊಟ್ಟೆ ಒಯ್ಯಿರಿ ಎಂದು ಅವಳೇ ಹೇಳಿಬಂದಳು. ಬೇಸಿಗೆಯಲ್ಲಿ ಯಾರ ಮುಂದೆ ತಲೆ ತಗ್ಗಿಸಿದ್ದಳೋ ಅವರ ಮುಂದೆಯೇ.

ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಬಂದರು. ಬುಟ್ಟಿಯಲ್ಲಿ ಭತ್ತದ ಹೊಟ್ಟು, ಅದರ ಮೇಲೆ ಒಲೆಗೆ ಹಿಡಿದು ಬೆಚ್ಚಗೆ ಮಾಡಿದ ಬಟ್ಟೆ. ಮರಾಠಿಯಲ್ಲಿ ಯಥೇಚ್ಛ ಬೈಗುಳ, ಕರೆಂಟಿಗೆ ಸ್ವಲ್ಪ, ಬ್ಯಾಟರಿಗೆ ಬಹಳ. ಚುಕ್ಕಿಯವಳು ಚುಕ್ಕಿ ನೋಡಿ, ಗೆರೆಯವಳು ಗೆರೆ ನೋಡಿ ತಮ್ಮ ಮೊಟ್ಟೆ ಆರಿಸಿಕೊಂಡರು. ಒಬ್ಬಳು ಒಂದನ್ನು ಕಿವಿಗೆ ಹಿಡಿದು, "ಬೋಲತಂಯ್ ಗಂ!" ಎಂದು ಕೂಗಿದಳು. ಮಾತಾಡುತ್ತಿದೆ! ಎಲ್ಲರೂ ಕಿವಿಗೆ ಹಿಡಿದು ಕೇಳಿದರು. ಮೇಘನಾಳೂ ಕೇಳಿದಳು, ನನಗೂ ಕೇಳಿಸಿದಳು. ಸುಣ್ಣದ ಗೋಡೆಯ ಆಚೆ ಯಾರೋ ತೀರ ಸಣ್ಣವರು ತಕರಾರು ಮಾಡುತ್ತಿದ್ದಂತಿತ್ತು. ಕಾವಿಗೆ ಕೂತ ಕೋಳಿ ಇದ್ದವರು ಅದರ ಕೆಳಗಿಡಲು ಒಯ್ದರು, ಇಲ್ಲದವರು ಒಲೆಯ ಮಗ್ಗುಲಿಗೆ.

ಕೊನೆಗೆ ತಾನಾಬಾಯಿ ಬಂದಳು. ಬಾಗಿದ ಬೆನ್ನು, ಕಂಕುಳಲ್ಲಿ ಒಂದು ಗಂಟು. ಪೆಟ್ಟಿಗೆಯಲ್ಲಿ ಅವಳ ಅಡ್ಡಗೆರೆಯ ಮೊಟ್ಟೆಗಳಷ್ಟೇ ಉಳಿದಿದ್ದವು. ಅವಳು ಅವನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಹಾ ಕೋಣ?" ಇವನ್ಯಾರು ಎಂದು ಮಲ್ಲಪ್ಪನನ್ನು ಕೇಳಿದಳು.

ಬ್ಯಾಟರಿ ಕಂಪನಿಯ ಸಾಹೇಬರು, ನಡೆಯೋದಿಲ್ಲ ಅಂತ ಹೇಳಿದವರು ಇವರೇ ಎಂದು ಮಲ್ಲಪ್ಪ ಮರಾಠಿಯಲ್ಲಿ ಹೇಳಿದ.

"ಸ್ವತಃಚ್ಯಾ ಮಾಲಾಲಾ ನಾಹೀ ಮ್ಹಣಾಲಾ?" ತನ್ನ ಮಾಲಿಗೆ ತಾನೇ ಇಲ್ಲ ಎಂದನೇ? ಮುದುಕಿಗೆ ಇದು ಬಗೆಹರಿಯಲಿಲ್ಲ. ಜೀವಮಾನದಲ್ಲಿ ಸಂತೆಯಲ್ಲಿ, ಅಂಗಡಿಯಲ್ಲಿ, ಸರಕಾರಿ ಶಿಬಿರದಲ್ಲಿ ಅವಳು ಕಂಡ ಮಾರುವವರೆಲ್ಲ ಒಂದೇ ಜಾತಿಯವರು. ನನ್ನನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ, ‘ಹಂ’ ಎಂದಳು. ಆಮೇಲೆ ಗಂಟು ಬಿಚ್ಚಿದಳು. ಒಳಗಿದ್ದದ್ದು ಬುಟ್ಟಿಯಲ್ಲ, ಹಳೆಯ ಸೀರೆಗಳ ಕೌದಿ. ಅದನ್ನು ಕಾವುಪೆಟ್ಟಿಗೆಯ ಮೇಲೆ ಹಾಸಿ, ನಾಲ್ಕೂ ಕಡೆ ಒತ್ತಿ, ಗಾಳಿಗೆ ಒಂದು ಕಿಂಡಿ ಬಿಟ್ಟು, ಅದಕ್ಕೆ ಬೆನ್ನು ಹಚ್ಚಿ ಕೂತಳು. ಗಂಗವ್ವ ಬ್ಯಾಟರಿಯ ಕಂಬಳಿ ತಂದು ಅದರ ಮೇಲೆ ಹೊದಿಸಿ ಪಕ್ಕದಲ್ಲಿ ಕೂತಳು. ಗಂಗವ್ವ ಒಮ್ಮೆ ಮೂಗು ಸೀಟಿದಳು.

ಬ್ಯಾಟರಿ ಬೆಳಗಿನ ಚಹಾದ ಹೊತ್ತಿಗೆ ನಿಂತಿತು. ಸದ್ದಿಲ್ಲದೆ, ಫ್ಯಾನಿನ ಗುಂಯ್ ಮಾತ್ರ ಇಲ್ಲವಾಗಿ. ಆದರೆ ಅಷ್ಟರಲ್ಲಿ ಒಳಗಿನ ಮರಿಗಳಿಗೇ ತಮ್ಮ ಬಿಸಿ ಬಂದಿತ್ತು, ಕೌದಿ ಅದನ್ನು ಹಿಡಿದಿಟ್ಟಿತ್ತು. ಮಧ್ಯಾಹ್ನದೊಳಗೆ ಅಡ್ಡಗೆರೆಗಳು ಒಂದೊಂದಾಗಿ ಬಿರಿದವು. ಊರಿನ ಮನೆಗಳಿಂದಲೂ ಸುದ್ದಿ ಬರತೊಡಗಿತು. ಎಲ್ಲವೂ ಬದುಕಲಿಲ್ಲ, ಒಲೆಯ ಹತ್ತಿರ ಇಟ್ಟವುಗಳಲ್ಲಿ ಕೆಲವು ಹೋದವು. ಬಹುಪಾಲು ಉಳಿದವು.

ಗಂಗವ್ವ ಇನ್ನೂ ಒದ್ದೆಯಾಗಿದ್ದ ಒಂದು ಮರಿಯನ್ನು ನನ್ನ ಅಂಗೈಯಲ್ಲಿ ಇಟ್ಟಳು. "ಆಯುಷ್ಯ ಹೇಳೂ ಸಾಹೇಬ್ರ ಅಲ್ಲೇನ್ರಿ? ಇದರದೆಷ್ಟು, ಹೇಳ್ರಿ ನೋಡೂಣು."

"ನೀನ ಹೇಳವ್ವಾ."

"ಹುಂಜ ಆದ್ರ ದೀಪಾವಳಿತನಾ. ಹ್ಯಾಟಿ ಆದ್ರ ನಾಕು ವರ್ಷ. ಯಾವುದಂತ ಈಗ ತಿಳಿಯಂಗಿಲ್ಲ."

"ಸರ್, ಇದು ಎಕ್ಸಾಕ್ಟಾಗಿ ನಮ್ಮ ರಿಪೋರ್ಟ್ ಥರಾನೇ ಇದೆ," ಎಂದಳು ಮೇಘನಾ. ಹುಂಜ, ದೀಪಾವಳಿಗಳ ಸಂಬಂಧ ಅವಳಿಗೆ ತಿಳಿದದ್ದು ಟೆಂಪೋದಲ್ಲಿ ಅರ್ಧ ದಾರಿ ಬಂದ ಮೇಲೆ. ಭೋಸರಿಯ ತನಕ ಅವಳು ಮಲ್ಲಪ್ಪನ ಜೊತೆ ಮಾತು ಬಿಟ್ಟಳು.

ಋತುಮಾನದ ನಿಯಮವನ್ನು ಅವಳು ಮರುದಿನವೇ ಪ್ರೋಗ್ರಾಮಿನಿಂದ ಕಿತ್ತು ಹಾಕಿದಳು. ಅಂಕಿ ವಿಚಿತ್ರವಾಗಿ ಕಂಡರೆ ಅದನ್ನು ತಿದ್ದುವ ಮೊದಲು ಬ್ಯಾಟರಿ ಇಟ್ಟುಕೊಂಡವರಿಗೆ ಫೋನು ಮಾಡಿ ಕೇಳಬೇಕೆಂಬ ಹೊಸ ನಿಯಮ ಬಂತು. ಇದರಿಂದ ನಮ್ಮ ವಿಭಾಗಕ್ಕೆ ಬಹಳ ಜನರ ಮನೆಯ ಅಂತರಂಗ ತಿಳಿಯಿತು. ಒಬ್ಬರು ಬ್ಯಾಟರಿಯನ್ನು ದೇವರ ಕೋಣೆಯ ನಂದಾದೀಪದ ಮೇಲಿನ ಗೂಡಿನಲ್ಲಿ ಇಟ್ಟಿದ್ದರು. ಇನ್ನೊಬ್ಬರ ಬೆಕ್ಕು ಅದರ ಮೇಲೆ ಮಲಗುತ್ತಿತ್ತು.

ಮಳೆ ಇಳಿಮುಖವಾಗುವ ಹೊತ್ತಿಗೆ ಹೊಸದಾಗಿ ಪರೀಕ್ಷಿಸಿದ ಬ್ಯಾಟರಿಯೊಂದನ್ನು ಹೊತ್ತು ಮತ್ತೆ ಗುಡ್ಡ ಹತ್ತಿದೆವು. ಪಡಸಾಲೆಯ ಕಿಟಕಿಯ ಕೆಳಗೆ, ಗಾಳಿ ಆಡುವ ಜಾಗದಲ್ಲಿ ಅದನ್ನು ಕೂರಿಸಿದೆವು. ಗಂಗವ್ವ ಕುಂಕುಮ ಹಚ್ಚಿದಳು. ಅದಕ್ಕೆ ನಮ್ಮ ವಿಭಾಗದ ಆಕ್ಷೇಪವಿರಲಿಲ್ಲ. ಹೊರಗೆ ಹೆಂಗಸರು ಮೊಟ್ಟೆ ತಂದು ಅಂಗಳದಲ್ಲಿ ನಿಂತಿದ್ದರು, ಆದರೆ ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. ತಾನಾಬಾಯಿ ಇನ್ನೂ ಬಂದಿರಲಿಲ್ಲ.

ಬಂದಳು. ಸೀರೆಯ ಸೆರಗನ್ನು ಜೋಳಿಗೆ ಮಾಡಿ ಎರಡೂ ಕೈಯಲ್ಲಿ ಹಿಡಿದಿದ್ದಳು. ಗಂಗವ್ವ ಮುಂದೆ ಹೋದರೂ ಅವಳ ಕಡೆ ನೋಡದೆ, ನೇರ ನನ್ನ ಎದುರಿಗೆ ಬಂದು ನಿಂತಳು.

"ಚಾಲೇಲ ಕಾ?" ನಡೆಯುತ್ತದೆಯೇ?

ನನ್ನ ಜೇಬಿನಲ್ಲಿ ಮೇಘನಾಳ ಲೆಕ್ಕವಿತ್ತು, ಇಷ್ಟರಿಂದ ಇಷ್ಟರ ತನಕ, ತನ್ನೆಲ್ಲ ಬೇಲಿಗಳ ಸಮೇತ. ಗಂಗವ್ವ ಬಾಗಿಲಿಗೆ ಒರಗಿ, ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಳು. ಅಂಗಳದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು.

"ಚಾಲೇಲ," ಎಂದೆ.

ಮುದುಕಿ ಕಾವುಪೆಟ್ಟಿಗೆಯ ಮುಂದೆ ಕೂತು ಜೋಳಿಗೆ ಬಿಚ್ಚಿದಳು.